ರಾತ್ರಿಯ ಊಟಕ್ಕೆ ದುಡ್ಡು ಯಾರದು?



ಹೈದರಾಬಾದಿನ ಯಾವುದಾದರೂ ಇರಾನಿ ಹೋಟೆಲಿನಲ್ಲಿ ಇಬ್ಬರು ಕೂತು ಎರಡು ಚಹಾ, ನಾಲ್ಕು ಉಸ್ಮಾನಿಯಾ ಬಿಸ್ಕತ್ತು ತರಿಸಿಕೊಂಡರೆ ಬಿಲ್ಲು ಸಲೀಸಾಗಿ 44 ರೂಪಾಯಿ ದಾಟುತ್ತದೆ. ಈ 44ನ್ನು ನಾನು ಸುಮ್ಮನೆ ಹೇಳಲಿಲ್ಲ. ತೆಲಂಗಾಣದ ಸರ್ಕಾರಿ ಹಾಸ್ಟೆಲು ಮತ್ತು ಗುರುಕುಲವೆಂಬ ವಸತಿ ಶಾಲೆಗಳಲ್ಲಿ 3ರಿಂದ 7ನೇ ತರಗತಿಯವರೆಗಿನ ಒಂದು ಮಗುವಿನ ಊಟಕ್ಕೆ ತಿಂಗಳಿಗೆ 1,330 ರೂಪಾಯಿ ಎಂದು 2024ರ ಕೊನೆಯಲ್ಲಿ ಸರ್ಕಾರ ನಿಗದಿ ಮಾಡಿತು. ಮೂವತ್ತರಿಂದ ಭಾಗಿಸಿ ನೋಡಿ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಸಂಜೆ ಏನಾದರೊಂದು ಕುರುಕಲು, ರಾತ್ರಿ ಊಟ, ಎಲ್ಲ ಸೇರಿ ದಿನಕ್ಕೆ 44 ರೂಪಾಯಿ ಚಿಲ್ಲರೆ. ಅದಕ್ಕೂ ಮೊದಲು ಇದ್ದದ್ದು ತಿಂಗಳಿಗೆ 950, ಅಂದರೆ ದಿನಕ್ಕೆ 32 ರೂಪಾಯಿಗೂ ಕಡಿಮೆ. ಆ 950 ಏಳು ವರ್ಷ ಅಲ್ಲಾಡದೆ ನಿಂತಿತ್ತು. ಆ ಏಳು ವರ್ಷದಲ್ಲಿ ಎಣ್ಣೆ ಏರಿತು, ತೊಗರಿಬೇಳೆ ಏರಿತು, ಗ್ಯಾಸ್ ಏರಿತು. ಮಕ್ಕಳ ಹೊಟ್ಟೆಯೂ ವಯಸ್ಸಿನ ಜೊತೆ ದೊಡ್ಡದಾಯಿತು.

ಹಳ್ಳಿಯ ಬಡ ಮಕ್ಕಳ ಓದಿಗೆ ದುಡ್ಡು ಎಂದಾಗ ನಮ್ಮ ಮನಸ್ಸಿಗೆ ಮೊದಲು ಬರುವುದು ಫೀಸು. ಆಮೇಲೆ ಪುಸ್ತಕ, ಚೀಲ, ಬೆಂಚು, ಕಂಪ್ಯೂಟರು. ದಾನ ಕೊಡುವವರಿಗೂ ಇವೇ ಇಷ್ಟ. ಬೆಂಚಿನ ಬೆನ್ನಿಗೆ ಹೆಸರು ಬರೆಸಬಹುದು. ಆದರೆ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಫೀಸು ಇಲ್ಲದೆ ಎಷ್ಟೋ ಕಾಲವಾಯಿತು. ಆದರೂ ಮಕ್ಕಳು ಏಳಕ್ಕೋ ಎಂಟಕ್ಕೋ ಬಿಡುತ್ತಾರೆ. ಹಾಗಾದರೆ ಖರ್ಚು ಎಲ್ಲಿ ಅಡಗಿದೆ?

ಹೈದರಾಬಾದಿನ ಪಶ್ಚಿಮಕ್ಕೆ, ಗಾಜಿನ ಕಟ್ಟಡಗಳು ಏಳುತ್ತಿರುವ ಕಡೆ, ಕೆಲಸಗಾರರ ತಗಡಿನ ಶೆಡ್ಡುಗಳಲ್ಲಿ ಕನ್ನಡ ಧಾರಾಳವಾಗಿ ಕಿವಿಗೆ ಬೀಳುತ್ತದೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯ ಕನ್ನಡ. ಅಲ್ಲಿ ಜಲ್ಲಿ ಹೊರುತ್ತಿದ್ದ ಒಬ್ಬ ತಾಯಿಯನ್ನು ಕೇಳಿದ್ದೆ, ಹನ್ನೊಂದು ವರ್ಷದ ಹುಡುಗಿಯನ್ನು ಶಾಲೆ ಬಿಡಿಸಿ ಯಾಕವ್ವಾ ಇಲ್ಲಿಗೆ ಕರಕೊಂಡು ಬಂದೆ ಎಂದು. ಆಕೆ ಬುಟ್ಟಿ ಇಳಿಸದೆಯೇ ಹೇಳಿದಳು: "ಸಾಲಿಗೆ ಫೀಸಿಲ್ಲ, ಗೊತ್ತದರಿ ಅಣ್ಣಾರ. ಬುಕ್ಕ ಕೊಡ್ತಾರ, ಅಂಗಿ ಕೊಡ್ತಾರ, ಮಧ್ಯಾಹ್ನ ಉಣ್ಣಾಕೂ ಹಾಕ್ತಾರ. ರಾತ್ರಿ ಯಾರ್ ಉಣಸ್ಬೇಕ್ರಿ? ನಾವಿಲ್ಲಿ, ಮನಿ ಅಲ್ಲಿ." ಊರಲ್ಲಿ ಹಿರಿಯರು ಯಾರೂ ಇಲ್ಲವೇ ಅಂದೆ. "ಅತ್ತಿ ಅದಾಳ್ರಿ. ಆಕಿಗೇ ಕಣ್ಣು ಕಾಣ್ಸಂಗಿಲ್ಲ. ಆಕಿನ್ನ ಈಕಿ ನೋಡ್ಬೇಕೋ, ಈಕಿನ್ನ ಆಕಿ ನೋಡ್ಬೇಕೋ?" ಇಷ್ಟು ಹೇಳಿ ಹೊರಟೇಹೋದಳು, ಮೇಸ್ತ್ರಿ ಕೂಗುತ್ತಿದ್ದ.

ಓದಿನ ಖರ್ಚಿನ ಬಗ್ಗೆ ಬಂದಿರುವ ಯಾವ ಸಮಿತಿಯ ವರದಿಗಿಂತಲೂ ಈ ಪ್ರಶ್ನೆ ನೇರವಾಗಿದೆ: ರಾತ್ರಿ ಯಾರು ಉಣಿಸಬೇಕು? ಹೈದರಾಬಾದಿನ ನೂರು ವರ್ಷದ ಶಿಕ್ಷಣದ ಕಥೆಯನ್ನು ಈ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಹೇಳಬಹುದು ಅನ್ನಿಸುತ್ತದೆ.

ನಮ್ಮ ಹಿಂದಿನವರು ಅದಕ್ಕೆ ಕಂಡುಕೊಂಡ ಉತ್ತರ ವಾರಾನ್ನ. ಸೋಮವಾರ ವಕೀಲರ ಮನೆ, ಮಂಗಳವಾರ ಮಾಸ್ತರರ ಮನೆ, ಬುಧವಾರ ಯಾರೂ ಸಿಗದಿದ್ದರೆ ಮಠ. ಹಾಗೆ ಉಂಡು ಓದಿ ದೊಡ್ಡವರಾದವರ ಆತ್ಮಕಥೆಗಳು ಕನ್ನಡದಲ್ಲಿ ಬೇಕಾದಷ್ಟಿವೆ, ಓದುವಾಗ ಕಣ್ಣೂ ಒದ್ದೆಯಾಗುತ್ತದೆ. ಆದರೆ ಆ ಪುಸ್ತಕಗಳಲ್ಲಿ ಹುಡುಕಿದರೂ ಸಿಗದವರು ಇಬ್ಬರಿದ್ದಾರೆ: ಹೊಲಗೇರಿಯ ಹುಡುಗ ಮತ್ತು ಯಾವ ಕೇರಿಯದೇ ಆಗಲಿ, ಹುಡುಗಿ. ಅವರಿಗೆ ಯಾವ ಮನೆಯಲ್ಲೂ ವಾರ ಇರಲಿಲ್ಲ.

ನಿಜಾಮರ ಕಾಲಕ್ಕೆ ಬನ್ನಿ. ಕಲಬುರಗಿ, ಬೀದರ, ರಾಯಚೂರು ಆಗ ಹೈದರಾಬಾದ್ ಸಂಸ್ಥಾನದ ಜಿಲ್ಲೆಗಳು. ಆಡಳಿತದ ಭಾಷೆ ಉರ್ದು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಉರ್ದು. ಖಾಸಗಿಯಾಗಿ ಶಾಲೆ ತೆರೆಯಬೇಕಾದರೆ ಸರ್ಕಾರದ ಅನುಮತಿಗೆ ಅಲೆಯಬೇಕು. ಅಂಥದರಲ್ಲೂ ಕಲಬುರಗಿಯಲ್ಲಿ 1907ರಲ್ಲಿ ನೂತನ ವಿದ್ಯಾಲಯ ಶುರುವಾಯಿತು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮ್ದರ್ದ್ ಶಾಲೆ ಕಟ್ಟಿದರು. ಮಂಗಳೂರಿನಲ್ಲಿ ಹುಟ್ಟಿ, ಹೈದರಾಬಾದಿನಲ್ಲಿ ಓದಿ, ರಾಯಚೂರಿನಲ್ಲಿ ಶಾಲೆ ನಡೆಸಿದ ಮನುಷ್ಯ! ಸರ್ಕಾರದ ಕೆಂಗಣ್ಣಿಗೆ ಗುರಿಯಾಗಿ ಕಡೆಗೆ ತುಂಗಭದ್ರಾ ದಂಡೆಯ ಪ್ರೇಮಾಯತನ ಆಶ್ರಮಕ್ಕೆ ಹೋದವರು.

ಆ ಕಾಲದಲ್ಲಿ ಹಳ್ಳಿಯ ಹುಡುಗ ಕಾಲೇಜು ಓದಬೇಕಾದರೆ ಸಾಮಾನ್ಯವಾಗಿ ಹೈದರಾಬಾದಿಗೆ ಬರಬೇಕು. ಬಂದವನು ಎಲ್ಲಿ ಉಳಿಯಬೇಕು? ಈ ಗೋಳನ್ನು ಕಂಡವರು ಒಬ್ಬ ಪೊಲೀಸ್ ಅಧಿಕಾರಿ, ರಾಜಾ ಬಹಾದ್ದೂರ್ ವೆಂಕಟರಾಮ ರೆಡ್ಡಿ. ಮುಂದೆ ನಗರದ ಕೊತ್ವಾಲರು, ಅಂದರೆ ಪೊಲೀಸ್ ಮುಖ್ಯಸ್ಥರಾದವರು. 1918ರಲ್ಲಿ ಅವರು ರೆಡ್ಡಿ ಹಾಸ್ಟೆಲ್ ತೆರೆದರು. ಸಂಸ್ಥಾನಿಕರು, ಜಮೀನ್ದಾರರು ದುಡ್ಡು ಹಾಕಿದರು. ಗೋಲ್ಕೊಂಡ ಪತ್ರಿಕೆಯ ಸುರವರಂ ಪ್ರತಾಪ ರೆಡ್ಡಿಯವರು ಅದರ ಉಸ್ತುವಾರಿ ನೋಡಿಕೊಂಡರು, ಗ್ರಂಥಾಲಯ ಬೆಳೆಸಿದರು. ತಮಾಷೆ ನೋಡಿ: ನಿಜಾಮರ ಕೊತ್ವಾಲರು ಕಟ್ಟಿದ ಹಾಸ್ಟೆಲಿನಲ್ಲಿ ಉಂಡು ಓದಿದ ಹುಡುಗರಲ್ಲಿ ಒಬ್ಬರು ರಾವಿ ನಾರಾಯಣ ರೆಡ್ಡಿ. ಮುಂದೆ ನಿಜಾಮರ ಆಳ್ವಿಕೆಯ ವಿರುದ್ಧ ತೆಲಂಗಾಣದ ರೈತ ಹೋರಾಟಕ್ಕೆ ಮುಂದಾಳಾದವರು ಇವರೇ. ಹುಡುಗರಿಗೆ ಅನ್ನ ಹಾಕಿ ಒಂದು ಕಡೆ ಕೂರಿಸಿದರೆ ಅವರು ಏನನ್ನು ಓದುತ್ತಾರೆ, ಏನಾಗುತ್ತಾರೆ ಎಂಬುದು ಅನ್ನ ಹಾಕಿದವರ ಕೈಯಲ್ಲಿ ಇರುವುದಿಲ್ಲ. ಅದು ಒಳ್ಳೆಯದೇ.

ಆದರೆ ಹಾಸ್ಟೆಲಿನ ಹೆಸರಿನಲ್ಲೇ ಬೇಲಿ ಇತ್ತು. ಜಾತಿಗೊಂದು ಹಾಸ್ಟೆಲು ಎಂಬುದು ನಮ್ಮ ಕರ್ನಾಟಕದ ಕಡೆಯೂ ಬೆಳೆದ ಪದ್ಧತಿ. ಅದರಿಂದ ಸಾವಿರಾರು ಜನ ಓದಿದರು, ಅಲ್ಲಗಳೆಯುವಂತಿಲ್ಲ. ಜಾತಿಯಲ್ಲಿ ದುಡ್ಡಿದ್ದವರು ಇದ್ದರೆ ಹಾಸ್ಟೆಲು, ಇಲ್ಲದಿದ್ದರೆ ಇಲ್ಲ, ಅಷ್ಟೇ. ಅದೇ ಹೈದರಾಬಾದಿನಲ್ಲಿ, 1910ರ ಸುಮಾರಿಗೆ, ಇಸಾಮಿಯಾ ಬಜಾರಿನಲ್ಲಿ ಭಾಗ್ಯರೆಡ್ಡಿ ವರ್ಮಾ ಅವರು ದಲಿತ ಮಕ್ಕಳಿಗೆ ಶಾಲೆ ತೆರೆದಿದ್ದರು. ಹೆಸರಲ್ಲಿ ರೆಡ್ಡಿ ಇದೆ ಎಂದು ಮೋಸಹೋಗಬೇಡಿ, ಅವರು ಮಾಲ ಸಮುದಾಯದವರು. ಅವರ ಬೆನ್ನಿಗೆ ಸಂಸ್ಥಾನಿಕರ ಸಾಲು ಇರಲಿಲ್ಲ. ಒಂದೊಂದಾಗಿ ಶಾಲೆಗಳು ಹೆಚ್ಚಿದವು. ಕಡೆಗೆ ನಿಜಾಮ್ ಸರ್ಕಾರ ಅವುಗಳ ಹೊಣೆ ಹೊತ್ತುಕೊಂಡಿತು. ಬಡವರಲ್ಲಿ ಬಡವರಾದವರ ಓದು ದಾನದಿಂದ ಶುರುವಾಗಬಹುದು, ಆದರೆ ಖಜಾನೆಯ ಬೆಂಬಲ ಸಿಗದೆ ಉಳಿಯಲಾರದು ಎಂಬುದಕ್ಕೆ ನನಗೆ ಗೊತ್ತಿರುವ ಹಳೆಯ ಸಾಕ್ಷಿ ಇದು.

ಖಜಾನೆಯ ದುಡ್ಡಿನಲ್ಲಿ ರಾತ್ರಿಯ ಊಟದವರೆಗೆ ಎಲ್ಲ ಹೊಣೆ ಹೊರುವ ಶಾಲೆಯನ್ನು 1971ರ ನವೆಂಬರ್ 23ರಂದು ಆಗಿನ ನಲ್ಗೊಂಡ ಜಿಲ್ಲೆಯ ಸರ್ವೇಲು ಎಂಬ ಊರಲ್ಲಿ ತೆರೆದವರು ಪಿ. ವಿ. ನರಸಿಂಹ ರಾವ್. ಶಿಕ್ಷಣ ಮಂತ್ರಿಯಾಗಿದ್ದವರು, ಆಗಷ್ಟೇ ಆಂಧ್ರಪ್ರದೇಶದ ಮುಖ್ಯಮಂತ್ರಿಯಾಗಿದ್ದರು. ಹಳ್ಳಿಯ ಜಾಣ ಹುಡುಗರನ್ನು ಆರಿಸಿ, ಅಲ್ಲೇ ಇರಿಸಿ, ಉಣಿಸಿ, ಓದಿಸುವುದು. 1985ರಲ್ಲಿ ಅವರೇ ಕೇಂದ್ರದ ಮಾನವ ಸಂಪನ್ಮೂಲ ಮಂತ್ರಿಯಾದರು, ಇದೇ ಮಾದರಿಯ ನವೋದಯ ವಿದ್ಯಾಲಯಗಳು ಬಂದವು. ಇವತ್ತು ಕರ್ನಾಟಕದ ಜಿಲ್ಲೆ ಜಿಲ್ಲೆಯಲ್ಲೂ ನವೋದಯದ ಪರೀಕ್ಷೆಗೆ ಐದನೇ ತರಗತಿಯ ಮಕ್ಕಳನ್ನು ತಯಾರು ಮಾಡುವ ಕೋಚಿಂಗ್ ಕ್ಲಾಸುಗಳಿವೆ. ಬಡ ಹಳ್ಳಿ ಹುಡುಗನಿಗಾಗಿ ಹುಟ್ಟಿದ ಶಾಲೆಗೆ ಸೇರಲು ದುಡ್ಡು ಕೊಟ್ಟು ಕೋಚಿಂಗು!

ಎಂಬತ್ತರ ದಶಕದಲ್ಲಿ ದಲಿತ ಮಕ್ಕಳಿಗಾಗಿ ಸಮಾಜ ಕಲ್ಯಾಣ ಇಲಾಖೆಯ ವಸತಿ ಶಾಲೆಗಳು ಬಂದವು. ಅದರ ಹಿಂದೆ ಎಸ್. ಆರ್. ಶಂಕರನ್ ಎಂಬ ಐಎಎಸ್ ಅಧಿಕಾರಿಯ ಹಟವಿತ್ತು. ಜೀತ ವಿಮುಕ್ತಿಗೆ ದುಡಿದವರು, ಮದುವೆಯಾಗದೆ ಉಳಿದವರು, ಪದ್ಮಭೂಷಣ ಬೇಡವೆಂದವರು. ಸಂಬಳದ ದುಡ್ಡನ್ನೂ ಬಡ ಮಕ್ಕಳ ಓದಿಗೆ ಹಾಕುತ್ತಿದ್ದರೆಂದು ಅವರನ್ನು ಬಲ್ಲ ಹೈದರಾಬಾದಿನ ಜನ ಇಂದಿಗೂ ನೆನೆಯುತ್ತಾರೆ. ಆ ಶಾಲೆಗಳು ಬೆಳೆದು ಬೆಳೆದು, ಈಗ ತೆಲಂಗಾಣದಲ್ಲಿ ದಲಿತ, ಬುಡಕಟ್ಟು, ಹಿಂದುಳಿದ, ಅಲ್ಪಸಂಖ್ಯಾತ ಎಂದು ಎಲ್ಲ ಬಗೆಯ ಗುರುಕುಲಗಳು ಸೇರಿ ಸಾವಿರದ ಆಸುಪಾಸಿನಲ್ಲಿವೆ. 2014ರ ಮೇ 25ರಂದು ಎವರೆಸ್ಟ್ ಏರಿದ ಮಾಲಾವತ್ ಪೂರ್ಣಾ ಇಂಥ ಶಾಲೆಯ ಹುಡುಗಿ. ಆಗ ಇನ್ನೂ ಹದಿನಾಲ್ಕು ತುಂಬಿರಲಿಲ್ಲ. ಲಂಬಾಣಿ ತಾಂಡಾದ, ಕೂಲಿಯವರ ಮಗಳು.

ನಾವು ಎವರೆಸ್ಟ್ ಏರಿದವರ ಫೋಟೋಗೆ ಚಪ್ಪಾಳೆ ತಟ್ಟುತ್ತೇವೆ. ಅದೇ ಶಾಲೆಗಳ ಬಗ್ಗೆ ಪತ್ರಿಕೆಯಲ್ಲಿ ಬರುವ ಇನ್ನೊಂದು ಬಗೆಯ ಸುದ್ದಿ ಊಟದಲ್ಲಿ ಹುಳ, ವಾಂತಿಭೇದಿ, ಆಸ್ಪತ್ರೆಗೆ ಸೇರಿದ ಮಕ್ಕಳದ್ದು. ಸುದ್ದಿ ಬಂದ ಮರುದಿನ ವಾರ್ಡನ್ ಅಮಾನತು. ತಪ್ಪು ಮಾಡಿದವರನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಆದರೆ ದಿನಕ್ಕೆ 32 ರೂಪಾಯಿಯಲ್ಲಿ ನಾಲ್ಕು ಹೊತ್ತು ನೋಡಿಕೋ ಎಂದು ಏಳು ವರ್ಷ ಬಿಟ್ಟವರು ಯಾರು? ಅಕ್ಕಿ ಸರ್ಕಾರದ ಅಗ್ಗದ ದರದಲ್ಲಿ ಬರುತ್ತದೆ, ನಿಜ. ಒಂದು ಮೊಟ್ಟೆಗೇ ಆರೇಳು ರೂಪಾಯಿ. ಅದರ ಮೇಲೆ ಬೇಳೆ, ತರಕಾರಿ, ಹಾಲು, ಎಣ್ಣೆ, ಗ್ಯಾಸ್. ಬಿಲ್ಲು ತಿಂಗಳುಗಟ್ಟಲೆ ಪಾಸಾಗದಿದ್ದರೆ ಕಿರಾಣಿಯವನು ಕೊಡುವುದು ಉಗ್ರಾಣದ ತಳದಲ್ಲಿ ಉಳಿದ ಬೇಳೆಯನ್ನೇ. ನೌಕರರ ತುಟ್ಟಿಭತ್ಯೆ ವರ್ಷಕ್ಕೆರಡು ಬಾರಿ ಬೆಲೆ ಸೂಚ್ಯಂಕ ನೋಡಿ ಏರುತ್ತದೆ. ಹಾಸ್ಟೆಲ್ ಮಕ್ಕಳ ತಟ್ಟೆಗೆ ಆ ಸೂಚ್ಯಂಕ ಅನ್ವಯಿಸುವುದಿಲ್ಲ ಎಂದು ಯಾವ ಕಾನೂನೂ ಹೇಳಿಲ್ಲ. ಸುಮ್ಮನೆ ಯಾರೂ ಮಾಡಿಲ್ಲ, ಅಷ್ಟೇ.

ಮಧ್ಯಾಹ್ನದ ಊಟದ ಲೆಕ್ಕ ಇನ್ನೂ ಸಣ್ಣದು. ಕೇಂದ್ರದ ಯೋಜನೆಯಲ್ಲಿ ಪ್ರಾಥಮಿಕ ಶಾಲೆಯ ಒಂದು ಮಗುವಿಗೆ ಬೇಳೆ, ತರಕಾರಿ, ಎಣ್ಣೆ, ಉರುವಲಿಗೆಂದು 2025ರ ಮೇ ತಿಂಗಳಿಂದ ದಿನಕ್ಕೆ 6 ರೂಪಾಯಿ 78 ಪೈಸೆ. ಅಡುಗೆ ಮಾಡುವ ತಾಯಂದಿರಿಗೆ ತಿಂಗಳಿಗೆ 1,000 ರೂಪಾಯಿ ಗೌರವಧನ ಎಂದು 2009ರಲ್ಲಿ ಕೇಂದ್ರ ನಿಗದಿ ಮಾಡಿದ್ದು ಹಾಗೇ ಇದೆ. ಮೇಲಿನದನ್ನು ರಾಜ್ಯಗಳು ಸೇರಿಸುತ್ತವೆ. ಕರ್ನಾಟಕದಲ್ಲಿ ಶಾಲೆಯ ಬಿಸಿಯೂಟ, ಅಂದರೆ ಅಕ್ಷರ ದಾಸೋಹ, 2002ರಲ್ಲಿ ಮೊದಲು ಆರಂಭವಾದದ್ದು ನಮ್ಮ ಈಶಾನ್ಯದ ಜಿಲ್ಲೆಗಳಲ್ಲೇ. ಮೊಟ್ಟೆಯ ಪ್ರಯೋಗ ಕೂಡ 2021ರ ಡಿಸೆಂಬರಿನಲ್ಲಿ ಈ ಕಡೆಯೇ ಶುರುವಾಯಿತು. 2024ರಿಂದ ವಾರಕ್ಕೆ ಆರು ದಿನವೂ ಮೊಟ್ಟೆ ಕೊಡಲು ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡುತ್ತಿದೆ. ದಾನಿಗಳ ದುಡ್ಡು ಬೆಂಚಿನ ಬದಲು ತಟ್ಟೆಗೆ ಬಿದ್ದ ದೊಡ್ಡ ಉದಾಹರಣೆ ಇದು, ಮನಸಾರೆ ಒಪ್ಪುತ್ತೇನೆ. ಮೂರು ವರ್ಷದ ಮೇಲೆ ಏನು ಎಂದು ಕೇಳುವುದು ಮಾತ್ರ ದಾನಿಗಳನ್ನಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಮಕ್ಕಳನ್ನು ತಡೆಯುವುದು ಅನ್ನದ ಖರ್ಚು ಎಂಬ ನನ್ನ ಮಾತಿಗೆ ಎದುರು ವಾದವನ್ನೂ ಹೈದರಾಬಾದಿನಿಂದಲೇ ತರಬೇಕು. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದ ಶಾಂತಾ ಸಿನ್ಹಾ ಅವರು ತಮ್ಮ ಅಜ್ಜ, ವಿದ್ವಾಂಸ ಮಾಮಿಡಿಪೂಡಿ ವೆಂಕಟರಂಗಯ್ಯನವರ ಹೆಸರಿನಲ್ಲಿ 1981ರಲ್ಲಿ ಸ್ಥಾಪಿಸಿದ ಎಂ. ವಿ. ಫೌಂಡೇಶನ್ 1991ರಿಂದ ರಂಗಾರೆಡ್ಡಿ ಜಿಲ್ಲೆಯ ಹಳ್ಳಿಗಳಲ್ಲಿ ಜೀತದ ಮಕ್ಕಳನ್ನು ಬಿಡಿಸಿ ಶಾಲೆಗೆ ಸೇರಿಸುವ ಕೆಲಸಕ್ಕೆ ಇಳಿಯಿತು. ಅವರ ಮಾತು ಖಡಾಖಂಡಿತ: ಶಾಲೆಯಲ್ಲಿಲ್ಲದ ಪ್ರತಿ ಮಗುವೂ ಬಾಲಕಾರ್ಮಿಕನೇ. ಬಡತನ ಇದೆ, ಆದ್ದರಿಂದ ಮಗು ದುಡಿಯಲೇಬೇಕು ಎಂಬ ಮಾತನ್ನು ಅವರು ಕಿವಿಗೇ ಹಾಕಿಕೊಳ್ಳುವುದಿಲ್ಲ. ರಾತ್ರಿ ಶಾಲೆ, ಅರೆಹೊತ್ತಿನ ಶಾಲೆ, ದನ ಮೇಯಿಸಿ ಬಂದ ಮೇಲೆ ಓದುವ ಶಾಲೆ ಯಾವುದೂ ಬೇಡ. ಎಲ್ಲ ಮಕ್ಕಳಿಗೂ ಹಗಲಿನ ಪೂರ್ತಿ ಶಾಲೆ. ಬಡ ತಂದೆತಾಯಿಗೆ ಓದಿಸುವ ಆಸೆ ಇಲ್ಲ ಎನ್ನುವುದು ಉಳ್ಳವರು ಕಟ್ಟಿದ ಕಥೆ. ದಾರಿ ಕಂಡರೆ ಅವರು ಹೊಟ್ಟೆ ಬಟ್ಟೆ ಕಟ್ಟಿಯಾದರೂ ಕಳಿಸುತ್ತಾರೆ. ಮಕ್ಕಳನ್ನು ತಡೆಯುವುದು ಶಾಲೆಯ ಬಾಗಿಲಲ್ಲಿ ಕೇಳುವ ಜನನ ಪ್ರಮಾಣಪತ್ರ, ಟಿಸಿ, ಜೂನ್ ಮುಗಿದ ಮೇಲೆ ದಾಖಲಾತಿ ಇಲ್ಲ ಎನ್ನುವ ಹೆಡ್ಮಾಸ್ತರರು.

ಈ ವಾದದಲ್ಲಿ ಬಹುಪಾಲು ನಿಜವಿದೆ. ಆದರೆ ಆ ಸಂಸ್ಥೆ ಕೈಯಿಂದ ಮಾಡಿ ತೋರಿಸಿದ್ದೇನು ನೋಡಿ. ಎಂದೂ ಶಾಲೆ ಕಾಣದ ಹನ್ನೊಂದು ಹನ್ನೆರಡು ವರ್ಷದವಳನ್ನು ಒಂದನೇ ಕ್ಲಾಸಿನಲ್ಲಿ ಆರು ವರ್ಷದವರ ಪಕ್ಕ ಕೂರಿಸಿದರೆ ಅವಳು ಎರಡನೇ ದಿನ ಬರುವುದಿಲ್ಲ. ಅದಕ್ಕೆ ಅವರು ಬ್ರಿಜ್ ಕೋರ್ಸ್ ಶಿಬಿರಗಳನ್ನು ನಡೆಸಿದರು. ಮಕ್ಕಳು ಅಲ್ಲೇ ಇದ್ದು, ಅಲ್ಲೇ ಉಂಡು, ತಿಂಗಳುಗಟ್ಟಲೆ ಅಕ್ಷರ, ಲೆಕ್ಕ ಕಲಿತು, ವಯಸ್ಸಿಗೆ ತಕ್ಕ ತರಗತಿಗೆ ಸೇರುತ್ತಿದ್ದರು. ಅಂದರೆ ಶಿಬಿರದ ಖರ್ಚಿನಲ್ಲೂ ಮೊದಲು ಬಂದದ್ದು ಅನ್ನ ಮತ್ತು ಚಾಪೆ. ಶಾಂತಾ ಸಿನ್ಹಾ ಅವರಿಗೆ 2003ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು, 2007ರಲ್ಲಿ ಅವರು ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗದ ಮೊದಲ ಅಧ್ಯಕ್ಷರಾದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಮಿನಲ್ಲಿ ವಯಸ್ಸಿಗೆ ತಕ್ಕ ತರಗತಿ, ಅದಕ್ಕೆ ವಿಶೇಷ ತರಬೇತಿ ಎಂಬ ಮಾತು ಬಂದಿದೆ. ರಂಗಾರೆಡ್ಡಿ ಜಿಲ್ಲೆಯ ಹಳ್ಳಿಗಳಲ್ಲಿ ಬೆವರು ಸುರಿಸಿದವರಿಗೆ ಆ ಕಲಮು ಹೊಸದೇನಲ್ಲ.

ಇನ್ನು ತೆಲಂಗಾಣ ಮತ್ತು ಕರ್ನಾಟಕದ ಗಡಿಗೆ ಹೋಗೋಣ. ಗದ್ವಾಲ, ಆಲಂಪುರದ ಕಡೆ ಹತ್ತಿಬೀಜದ ಬೇಸಾಯ. ನಮ್ಮ ರಾಯಚೂರಿಗೆ ಒತ್ತಿಕೊಂಡೇ ಇರುವ ಸೀಮೆ. ಹೈಬ್ರಿಡ್ ಬೀಜ ತಾನಾಗಿ ಆಗುವುದಿಲ್ಲ, ಕೈಯಿಂದ ಮಾಡಬೇಕು. ಮರುದಿನ ಅರಳಲಿರುವ ಹೆಣ್ಣುಸಾಲಿನ ಮೊಗ್ಗನ್ನು ಹಿಂದಿನ ಸಂಜೆಯೇ ಉಗುರಿನಿಂದ ಬಿಡಿಸಿ ಕೇಸರವನ್ನು ಕಿತ್ತುಹಾಕುವುದು. ಮರುದಿನ ಬೆಳಿಗ್ಗೆ ಗಂಡುಸಾಲಿನ ಹೂ ತಂದು ಅದರ ಪರಾಗವನ್ನು ಸೋಕಿಸುವುದು. ಗಿಡದ ಎತ್ತರ ಹುಡುಗಿಯ ಸೊಂಟಕ್ಕೆ, ಹೂವು ಅವಳ ಕೈಗೆ ಸರಿಯಾಗಿ ಎಟುಕುತ್ತದೆ. ಸಣ್ಣ ಬೆರಳು ಚುರುಕು, ಕೂಲಿ ಕಡಿಮೆ, ಎದುರು ಮಾತಿಲ್ಲ. ಆದ್ದರಿಂದ ಹೆಣ್ಣುಮಕ್ಕಳೇ ಬೇಕು. ಅವ್ವ ಅಪ್ಪಂದಿರಿಗೆ ಬೇಸಿಗೆಯಲ್ಲೇ ಮುಂಗಡ ಸಂದಾಯವಾಗಿರುತ್ತದೆ. ಜೂನಿನಲ್ಲಿ ಹಾಜರಿ ಪುಸ್ತಕದಲ್ಲಿ ಹೆಸರಿರುತ್ತದೆ, ಆಗಸ್ಟಿನಲ್ಲಿ ಹುಡುಗಿ ಹೊಲದಲ್ಲಿರುತ್ತಾಳೆ, ಡಿಸೆಂಬರಿನಲ್ಲಿ ಅವಳಿಗೆ ಪಾಠ ಹತ್ತುವುದಿಲ್ಲ. ನಮ್ಮ ಶಹಾಪುರ, ಸುರಪುರದ ಕಡೆ ಹತ್ತಿ ಬಿಡಿಸುವ ಸುಗ್ಗಿಯಲ್ಲಿ ನಸುಕಿಗೇ ಟಂಟಂ ಆಟೋ ಹತ್ತುವ ಮಕ್ಕಳದ್ದೂ ಇದೇ ಪಾಡು. ಆಮೇಲೆ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಯಾದಗಿರಿ ಕೊನೆ, ಕಲಬುರಗಿ ಕೊನೆ ಎಂದು ತಲೆಬರಹ ಬರುತ್ತದೆ, ಮಾಸ್ತರರಿಗೆ ನೋಟಿಸು ಹೋಗುತ್ತದೆ.

ಆ ಮುಂಗಡದ ಮೊತ್ತವೇ ಹುಡುಗಿಯ ಓದಿನ ನಿಜವಾದ ಫೀಸು. ಅದನ್ನು ತೀರಿಸುವ ದಾರಿ ಎರಡೇ: ಅವ್ವ ಅಪ್ಪನ ಕೂಲಿ ಏರಬೇಕು, ಇಲ್ಲವೇ ಸುಗ್ಗಿಯ ಆರು ತಿಂಗಳು ಹುಡುಗಿಗೆ ಊರಲ್ಲೇ ಹಾಸ್ಟೆಲಿರಬೇಕು. ವಲಸೆ ಹೋದವರ ಮಕ್ಕಳಿಗಾಗಿ ಋತುಮಾನದ ಹಾಸ್ಟೆಲು ಎಂಬ ಏರ್ಪಾಡು ಸರ್ಕಾರದ ಯೋಜನೆಯಲ್ಲಿ ಇದ್ದೇ ಇದೆ. ಆದರೆ ಅದಕ್ಕೆ ಮಂಜೂರಾತಿ ಬರುವುದು ಎಷ್ಟೋ ಸಲ ಜನ ಬಸ್ಸು ಹತ್ತಿ ಹೋದ ಮೇಲೆ. ದುಡ್ಡು ಎಷ್ಟು ಎಂಬುದರಷ್ಟೇ ದುಡ್ಡು ಯಾವ ತಿಂಗಳಲ್ಲಿ ಎಂಬುದೂ ಮುಖ್ಯ. ವಿಧಾನಸೌಧದಲ್ಲಾಗಲಿ ಹೈದರಾಬಾದಿನ ಸಚಿವಾಲಯದಲ್ಲಾಗಲಿ ಹಣಕಾಸು ವರ್ಷ ಏಪ್ರಿಲಿಗೆ ಶುರು. ಹೊಟ್ಟೆಯ ವರ್ಷ ಮುಂಗಾರಿಗೆ ಶುರು.

ದುಡ್ಡೇ ಇಲ್ಲವೆಂದರೆ ನಾನು ನಂಬುವುದಿಲ್ಲ. ಅವಿಭಜಿತ ಆಂಧ್ರದಲ್ಲಿ 2008ರಿಂದ ಬಡ ವಿದ್ಯಾರ್ಥಿಗಳ ಎಂಜಿನಿಯರಿಂಗ್, ವೈದ್ಯಕೀಯ ಫೀಸನ್ನು ಪೂರ್ತಿ ಸರ್ಕಾರವೇ ಕಾಲೇಜಿಗೆ ಕಟ್ಟುವ ಯೋಜನೆ ಬಂತು. ಹಳ್ಳಿಯ ಎಷ್ಟೋ ಮನೆಗಳಲ್ಲಿ ಮೊದಲ ಎಂಜಿನಿಯರು ಹುಟ್ಟಿದ್ದು ಅದರಿಂದಲೇ. ಹೈದರಾಬಾದಿನ ಸುತ್ತ ಖಾಸಗಿ ಕಾಲೇಜುಗಳು ಕೊಬ್ಬಿದ್ದೂ ಅದರಿಂದಲೇ. ಬಾಕಿ ಬರಲಿಲ್ಲವೆಂದು ಕಾಲೇಜುಗಳು ಬಾಗಿಲು ಮುಚ್ಚುತ್ತೇವೆ ಎಂದರೆ ಮಂತ್ರಿಗಳು ಮಾತುಕತೆಗೆ ಕೂರುತ್ತಾರೆ. ಏಳನೇ ತರಗತಿಯ ಹಾಸ್ಟೆಲ್ ಹುಡುಗಿ ಎಲ್ಲಿಗೆ ಬೀಗ ಹಾಕಬೇಕು? ನಮ್ಮಲ್ಲೂ ಸಂವಿಧಾನದ 371ಜೆ ವಿಧಿ ಬಂದು ದಶಕ ದಾಟಿತು. ಕಲ್ಯಾಣ ಕರ್ನಾಟಕದವರಿಗೆ ವೃತ್ತಿಶಿಕ್ಷಣದಲ್ಲಿ ಸೀಟು ಮೀಸಲು. ಬಹಳ ಹೋರಾಡಿ ಪಡೆದದ್ದು, ಕಡಿಮೆ ಮಾಡಿ ಹೇಳಲಾರೆ. ಆದರೆ ಆ ಸೀಟಿನವರೆಗೆ ನಡೆದು ಬರುವವರು ಹತ್ತನೇ ತರಗತಿ ದಾಟಿದವರು.

ತೆಲಂಗಾಣದ ಗುರುಕುಲ ಇರಲಿ, ಕರ್ನಾಟಕದ ಮೊರಾರ್ಜಿ ದೇಸಾಯಿ ವಸತಿ ಶಾಲೆ ಇರಲಿ, ಕಿತ್ತೂರು ರಾಣಿ ಚೆನ್ನಮ್ಮ ಶಾಲೆ ಇರಲಿ, ಒಳಗೆ ಹೋಗಲು ಪ್ರವೇಶ ಪರೀಕ್ಷೆ. ಜಲ್ಲಿ ಹೊರುವ ತಾಯಿಯ ಮಗಳು ಪರೀಕ್ಷೆಯ ದಿನ ಹೈದರಾಬಾದಿನ ಶೆಡ್ಡಿನಲ್ಲಿ ತಮ್ಮನನ್ನು ಆಡಿಸುತ್ತಿರುತ್ತಾಳೆ. ಅವಳ ಪಾಲಿಗೆ ಉಳಿಯುವುದು ತಾಲ್ಲೂಕಿನ ಸಾದಾ ಹಾಸ್ಟೆಲು. ಕಿಟಕಿಗೆ ಗಾಜಿಲ್ಲದ, ನಲ್ಲಿಯಲ್ಲಿ ನೀರು ಬಾರದ, ಆದರೂ ರಾತ್ರಿ ಅನ್ನ ಬೇಯುವ ಜಾಗ. ಅಂಥ ಒಂದು ಹಾಸ್ಟೆಲು ನಿಮ್ಮ ಊರಿನ ಬಸ್ ನಿಲ್ದಾಣದಿಂದ ಬಹಳ ದೂರ ಇರಲಾರದು. ಹುಟ್ಟುಹಬ್ಬಕ್ಕೋ ತಂದೆಯ ಪುಣ್ಯತಿಥಿಗೋ ಅಲ್ಲಿ ಸಿಹಿ ಹಂಚುವ ಮನಸ್ಸಾದರೆ ಹಂಚಿ, ಮಕ್ಕಳಿಗೆ ಜಿಲೇಬಿ ಇಷ್ಟವೇ. ಹಾಗೇ ಒಂದು ನಿಮಿಷ ನಿಂತು ವಾರ್ಡನ್ ಅವರನ್ನು ಕೇಳಿ: ಕಿರಾಣಿ ಅಂಗಡಿಗೆ ಎಷ್ಟು ತಿಂಗಳ ಬಾಕಿ ಇದೆ, ಕೊನೆಯ ಬಿಲ್ಲು ಪಾಸಾದದ್ದು ಯಾವಾಗ, ದೀಪಾವಳಿಯ ಆಚೆ ಸುಗ್ಗಿಗೆ ಊರು ಬಿಡುವವರ ಮಕ್ಕಳಿಗೆ ಹೆಚ್ಚಿನ ಜಾಗ ಕೇಳಿ ಬರೆದಿದ್ದೀರಾ ಎಂದು. ಅವರು ಉತ್ತರ ಕೊಟ್ಟರೆ ಅದನ್ನೇ ಬರೆದುಕೊಂಡು ಶಾಸಕರ ಕಚೇರಿಗೆ ಹೋಗಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ.